ಏಳನೆಯ ಸುತ್ತು

ಸಂದರ್ಶನವೆಂದರೆ ಮೇಜಿನ ಆಚೆ ಮೂವರು, ಈಚೆ ಒಬ್ಬ, ಅರ್ಧ ಗಂಟೆಯ ಮಾತು, ಬಳಿಕ ಮನೆಗೊಂದು ಪತ್ರ ಎಂಬ ಕಲ್ಪನೆ ನಮ್ಮ ತಂದೆಯವರ ಕಾಲದ್ದು. 2024ರಲ್ಲಿ, ನನ್ನ 41ನೆಯ ವಯಸ್ಸಿನಲ್ಲಿ, ಬೆಂಗಳೂರಿನ ತಂತ್ರಾಂಶ ಸಂಸ್ಥೆಯೊಂದಕ್ಕೆ ನಾನು ಅಭ್ಯರ್ಥಿಯಾದಾಗ ಅದು 7 ಸುತ್ತುಗಳಲ್ಲಿ, 68 ದಿನಗಳ ಕಾಲ ನಡೆಯಿತು.

ಮೊದಲನೆಯದು ಗಣಕಯಂತ್ರದ ಮುಂದಿನ ಪರೀಕ್ಷೆ. ಕ್ಯಾಮೆರಾ ನನ್ನ ಕಣ್ಣುಗಳನ್ನೇ ಕಾಯುತ್ತಿತ್ತು. ಕಿಟಕಿಯತ್ತ ನೋಡಿದರೂ ಎಚ್ಚರಿಕೆ. ನಂತರದ ಎರಡು ತಾಂತ್ರಿಕ ಸುತ್ತುಗಳ ವಿವರ ಇಲ್ಲಿ ಬೇಡ. ನಾಲ್ಕನೆಯದಕ್ಕೆ ಮನೆಯಲ್ಲೇ ಮಾಡಿ ಒಪ್ಪಿಸಬೇಕಾದ ಕೆಲಸ ಕೊಟ್ಟರು; ಮೂರು ರಾತ್ರಿ ಹಿಡಿಯಿತು. ಐದನೆಯದಕ್ಕೆ ಖುದ್ದಾಗಿ ಬರಬೇಕೆಂದರು. ನೇರಳೆ ಮಾರ್ಗದ ಮೆಟ್ರೊ 2023ರಲ್ಲಿ ವೈಟ್‌ಫೀಲ್ಡ್‌ವರೆಗೆ ಪೂರ್ಣಗೊಂಡಿದ್ದರಿಂದ ವಿಜಯನಗರದಿಂದ ಹೋಗಿಬರುವುದಾದರೂ ಸುಲಭವಾಯಿತು.

ನನ್ನ ಬಯೊಡೇಟಾದಲ್ಲಿ 11 ತಿಂಗಳ ತೆರಪೊಂದಿತ್ತು. ತಂದೆಯವರು ಹಾಸಿಗೆ ಹಿಡಿದಾಗ ಕೆಲಸ ಬಿಟ್ಟು ಕಾರ್ಕಳದ ಮನೆಯಲ್ಲಿದ್ದೆ. ಅಲ್ಲಿ 'ಸಲಹೆಗಾರ' ಎಂದು ತುಂಬಿಸಿಬಿಡಿ ಎಂದು ಮಧ್ಯವರ್ತಿ ಸಂಸ್ಥೆಯವರು ಫೋನಿನಲ್ಲಿ ಹಿತವಚನ ಹೇಳಿದರು. ಒಪ್ಪಲಿಲ್ಲ. ಆದರೆ 2014ರಿಂದ ಭವಿಷ್ಯನಿಧಿಯ ಸದಸ್ಯನಿಗೆ ಎಲ್ಲಿ ಹೋದರೂ ಒಂದೇ ಸಂಖ್ಯೆ. ಯಾವ ತಿಂಗಳು ಎಲ್ಲಿದ್ದೆವೆಂಬುದು ತಿಳಿದುಹೋಗುತ್ತದೆ. ಹೀಗಾಗಿ ನನ್ನ ಆ ಸತ್ಯನಿಷ್ಠೆಯಲ್ಲಿ ಭಯದ ಪಾಲೆಷ್ಟೆಂಬುದನ್ನು ನಾನೇ ಹೇಳಲಾರೆ.

ಜಾರಿದ್ದು ಬೇರೆ ಕಡೆ. ಆರನೆಯ ಸುತ್ತಿನಲ್ಲಿ ಸಿಬ್ಬಂದಿ ವಿಭಾಗದ ಅಧಿಕಾರಿ, "ಬೇರೆ ಎಲ್ಲಿಂದಾದರೂ ಆಫರ್ ಬಂದಿದೆಯೇ, ಸರ್?" ಎಂದರು. "ಒಂದು ಕಡೆ ಮಾತು ನಡೆದಿದೆ" ಎಂದೆ. ಎಲ್ಲಿಯೂ ಏನೂ ನಡೆದಿರಲಿಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿ ಬಾಯಿಗೆ ಬಂತು. ಅವರ ದನಿಯಲ್ಲಿ ತಟ್ಟನೆ ಗೌರವ ಮೂಡಿತು. ಅದುವರೆಗೆ ಸುತ್ತಿಗೆ ಹತ್ತು ಹನ್ನೆರಡು ದಿನ ಕಾಯಿಸಿದ್ದವರು ಎರಡೇ ದಿನಕ್ಕೆ ಏಳನೆಯದನ್ನು ಗೊತ್ತುಮಾಡಿದರು.

ಆ ರಾತ್ರಿ ಹೆಂಡತಿಗೆ ಹೇಳಿದೆ. "ಮಾವನವರು ಇದನ್ನು ಒಪ್ಪುತ್ತಿದ್ದರೇ?" ಎಂದಷ್ಟೇ ಕೇಳಿದಳು. ತಂದೆಯವರದು ಜವಳಿ ಅಂಗಡಿ. ಹುಡುಗನಾಗಿದ್ದಾಗ ನಾನು ಬಟ್ಟೆಯನ್ನು ಎಳೆದು ಹಿಡಿದು ಅಳೆದುದಕ್ಕೆ ಅಳತೆಯ ಕೋಲಿನಿಂದಲೇ ಕೈಮೇಲೆ ಬಾರಿಸಿದ್ದರು. ಎಳೆದು ಅಳೆದರೆ ಗಿರಾಕಿಗೆ ಎರಡಂಗುಲ ಕಡಿಮೆ.

ಏಳನೆಯ ಸುತ್ತಿನಲ್ಲಿ ಉಪಾಧ್ಯಕ್ಷರು ಮಾತು ತೆಗೆಯುವ ಮೊದಲೇ, ಬೇರೆ ಯಾವ ಆಫರೂ ಇಲ್ಲವೆಂದೂ ಹಾಗೆ ಹೇಳಿದ್ದು ನನ್ನ ತಪ್ಪೆಂದೂ ತಿಳಿಸಿದೆ. ಅವರು ನಕ್ಕರು. "ಎಲ್ಲರೂ ಹೇಳುತ್ತಾರೆ. ಇದನ್ನು ನಮಗೆ ತಿಳಿಸುವ ಅಗತ್ಯವೇ ಇರಲಿಲ್ಲ" ಎಂದರು. ಗದರಿದ್ದರೆ ಸಹಿಸಬಹುದಿತ್ತು, ಆ ನಗೆ ಇನ್ನೂ ಚುಚ್ಚುತ್ತದೆ.

23 ದಿನಗಳ ಬಳಿಕ ಎರಡು ಸಾಲಿನ ಇ-ಮೇಲ್ ಬಂತು: ಹುದ್ದೆಯನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ. ನನ್ನ ಮಾತು ಕಾರಣವೋ, ಮತ್ತೇನೋ, ತಿಳಿಯದು. ಅವರನ್ನು ದೂರುವ ಹಕ್ಕೂ ನನಗೆ ಅಷ್ಟಾಗಿ ಇಲ್ಲ. ಹಳೆಯ ಕಚೇರಿಯಲ್ಲಿ ಆರು ವರ್ಷ ಮೇಜಿನ ಆಚೆ ಕುಳಿತವನು ನಾನು. "ತಿಳಿಸುತ್ತೇವೆ" ಎಂದು ಕಳುಹಿಸಿ, ತಿಳಿಸದೆ ಬಿಟ್ಟವರೆಷ್ಟು ಮಂದಿ! ಮೂರು ಬಾರಿ ಫೋನು ಮಾಡಿದ ಹಾಸನದ ಕಡೆಯ ಹುಡುಗನೊಬ್ಬನ ದನಿ ಈಗಲೂ ನೆನಪಿದೆ. ಮೂರನೆಯ ಸಲ ನಾನು ಎತ್ತಲೇ ಇಲ್ಲ.

ಈಗ ಚಿಕ್ಕ ಸಂಸ್ಥೆಯೊಂದರಲ್ಲಿದ್ದೇನೆ. ಸಂಬಳ ಕಡಿಮೆ, ಸಂದರ್ಶನ ಎರಡೇ ಸುತ್ತು. ಕಳೆದ ತಿಂಗಳು ಒಬ್ಬಳು ಹುಡುಗಿಯನ್ನು ನಾನೇ ಸಂದರ್ಶಿಸಬೇಕಾಯಿತು. ಬೇರೆ ಆಫರ್ ಇದೆಯೇ ಎಂಬ ಪ್ರಶ್ನೆ ನಾಲಗೆಯ ತುದಿಯವರೆಗೆ ಬಂದಿತ್ತು, ಕೇಳಲಿಲ್ಲ. ಆಕೆಗೆ ಕೆಲಸ ಆಗಲಿಲ್ಲ. ಅದನ್ನು ಅಂದು ಸಂಜೆಯೊಳಗೇ ಫೋನು ಮಾಡಿ ತಿಳಿಸಿದೆ.