ಮುದಿ ಲಾರಿಯ ಮುಂಜಾನೆ

ಮುಪ್ಪಿನ ಮೇಲೆ ಹೊರಿಸುವಷ್ಟು ಸುಲಭವಾಗಿ ನಾವು ಬೇರಾವುದರ ಮೇಲೂ ತಪ್ಪನ್ನು ಹೊರಿಸುವುದಿಲ್ಲ. ಹಳೆಯ ಗಡಿಯಾರ ನಿಂತರೆ ‘ವಯಸ್ಸಾಯಿತು’ ಎನ್ನುತ್ತೇವೆ. ಹಳೆಯ ಮನೆ ಸೋರಿದರೂ ‘ವಯಸ್ಸಾಯಿತು’ ಎನ್ನುತ್ತೇವೆ. ಎಲ್ಲಿಯಾದರೂ ಒಂದು ಹೆಂಚು ಸರಿದಿದೆಯೇ ಎಂದು ಏಣಿ ಹತ್ತಿ ನೋಡುವ ತೊಂದರೆ ಇದರಿಂದ ತಪ್ಪುತ್ತದೆ. ನಮ್ಮ ಮನೆಯ ಲಾರಿಯ ವಿಷಯದಲ್ಲಿ ನಾನೂ ನನ್ನ ತಮ್ಮನೂ ಮಾಡಿದ್ದು ಇದನ್ನೇ.

ತಂದೆಯವರು ನಮಗೆ ಬಿಟ್ಟುಹೋದದ್ದು ಚಿಕ್ಕಬಳ್ಳಾಪುರದಲ್ಲೊಂದು ಮನೆ, ಅದರ ಮುಂದೊಂದು ಲಾರಿ, ಆ ಲಾರಿಯೊಡನೆ ಒಬ್ಬ ಡ್ರೈವರು. ಲಾರಿಯ ಮೀಟರು ಎಂಟು ಲಕ್ಷ ಕಿಲೋಮೀಟರು ದಾಟಿದ ಮೇಲೆ ನಿಂತೇಹೋಗಿತ್ತು. ಡ್ರೈವರು ಅರವತ್ತು ದಾಟಿದರೂ ನಿಂತಿರಲಿಲ್ಲ. ಚಿಕ್ಕಂದಿನಲ್ಲಿ ನಾವಿಬ್ಬರೂ ಅವರನ್ನು ‘ಮಾಮ’ ಎಂದು ಕರೆಯುತ್ತಿದ್ದೆವು. ವ್ಯವಹಾರ ತಮ್ಮನ ಕೈಗೆ ಬಂದ ಮೇಲೆ ಆ ‘ಮಾಮ’ ಹೇಗೋ ಏನೋ ‘ಡ್ರೈವರ್’ ಆಗಿಬಿಟ್ಟಿತು.

2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಜಿಲ್ಲೆಯಾದ ನಮ್ಮ ಸೀಮೆಯಲ್ಲಿ ಲಾರಿಗೆ ಕೆಲಸದ ಕೊರತೆಯಿಲ್ಲ. ಗೌರಿಬಿದನೂರಿನ ಕಡೆಯಿಂದ ಮುಸುಕಿನ ಜೋಳ, ಚಿಂತಾಮಣಿಯಿಂದ ಟೊಮೇಟೊ, ಸುತ್ತಣ ಹಳ್ಳಿಗಳಿಂದ ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆ ಗೂಡು. ಜೋಳವೇನೋ ಒಂದು ದಿನ ಕಾದೀತು. ಟೊಮೇಟೊ ಕಾಯದು, ಗೂಡಂತೂ ಕಾಯಲಾರದು. ಒಳಗಿನ ಹುಳು ಪತಂಗವಾಗಿ ಗೂಡನ್ನು ತೂತುಮಾಡಿ ಹೊರಬಂದಿತೆಂದರೆ ಎಳೆ ಮುರಿದು, ರೈತನ ಸುಮಾರು ಒಂದು ತಿಂಗಳ ಶ್ರಮ ವ್ಯರ್ಥವಾಗುತ್ತದೆ. ಹರಾಜಿನ ವೇಳೆಗೆ ಗೂಡು ಮಾರುಕಟ್ಟೆಯಲ್ಲಿರಲೇಬೇಕು. ಆದ್ದರಿಂದ ನಮ್ಮ ಲಾರಿಯ ದಿನ ನಸುಕಿನಲ್ಲೇ ಆರಂಭವಾಗುತ್ತಿತ್ತು.

ಕಳೆದ ಮಾಗಿಯಲ್ಲಿ ಅದು ಆ ನಸುಕಿನ ಹೊತ್ತಿನಲ್ಲೇ ಹಠ ಹಿಡಿಯತೊಡಗಿತು. ಮಧ್ಯಾಹ್ನ ಎಷ್ಟು ಸಲ ನಿಲ್ಲಿಸಿದರೂ ಒಂದೇ ಏಟಿಗೆ ಸ್ಟಾರ್ಟ್ ಆಗುವ ಇಂಜಿನು, ರಾತ್ರಿಯೆಲ್ಲ ನಿಂತು ಬೆಳಗಾದರೆ ಸಾಕು, ಸುಮ್ಮನೆ ತಿರುಗಿ ತಿರುಗಿ ಸುಸ್ತಾಗಿ, ಕೊನೆಗೆ ನರಳಿ ಮೌನವಾಗುತ್ತಿತ್ತು. ಬೀದಿಯವರನ್ನೆಲ್ಲ ಎಬ್ಬಿಸಿ ತಳ್ಳಿಸಬೇಕಾಗುತ್ತಿತ್ತು.

ಮೊದಲು ನಮ್ಮೂರಿನ ಗ್ಯಾರೇಜಿನವರು ನೋಡಿ, ‘ಬ್ಯಾಟರಿ ಹೋಗಿದೆ’ ಎಂದರು. ಎರಡು ಹೊಸ ಬ್ಯಾಟರಿಗಳು ಬಂದುವು; ಹತ್ತು ದಿನ ನೆಮ್ಮದಿಯಾಗಿ ಕಳೆದುವು. ಆಮೇಲೆ ಶಿಡ್ಲಘಟ್ಟದಲ್ಲೊಬ್ಬರು, ‘ಸೆಲ್ಫ್ ಮೋಟಾರು ಸುಟ್ಟಿದೆ’ ಎಂದು ಅದನ್ನು ಬಿಚ್ಚಿ ಕಟ್ಟಿಸಿಕೊಟ್ಟರು. ಒಂದು ವಾರವಾದ ಮೇಲೆ ಗೌರಿಬಿದನೂರಿನಲ್ಲಿ ಮತ್ತೊಬ್ಬರು ಕಿವಿಗೊಟ್ಟು ಕೇಳಿ ತಲೆಯಾಡಿಸಿ, ‘ಇಂಜಿನು ಕೆಲಸಕ್ಕೆ ಬಂದಿದೆ. ಪೂರ್ತಿ ಬಿಚ್ಚಬೇಕು’ ಎಂದರು. ಅವರು ಹೇಳಿದ ಮೊತ್ತಕ್ಕೆ ಲಾರಿಯ ಬೆಲೆಯೇ ಸಾಲದು.

ಆ ವಾರವೇ ಒಂದು ಮುಂಜಾನೆ, ಹೇರಿದ ಗೂಡಿನ ಮೂಟೆಗಳನ್ನು ಇಳಿಸಿ ಬೇರೆ ಗಾಡಿಗೆ ಹಾಕಬೇಕಾಯಿತು. ರೈತರ ಮುಖ ನೋಡಲು ನಮ್ಮಿಂದಾಗಲಿಲ್ಲ. ಅಂದು ರಾತ್ರಿ ತಮ್ಮ ನಿರ್ಧರಿಸಿಬಿಟ್ಟ: ಲಾರಿಯನ್ನು ಗುಜರಿಗೆ ಹಾಕುವುದು. ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಸೇರಿಸಿದ: “ಡ್ರೈವರಿಗೂ ವಯಸ್ಸಾಯಿತು, ಅಣ್ಣ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಕೈಯೂ ಹೋಗಿದೆ. ಲೆಕ್ಕ ತೀರಿಸಿ ಕಳಿಸಿಬಿಡೋಣ.” ನಾನು ಬೇಡವೆನ್ನಲಿಲ್ಲ.

ಒಪ್ಪಿಕೊಂಡಿದ್ದ ಕೊನೆಯ ಬಾಡಿಗೆ ಚಿಂತಾಮಣಿಯದು. ರಜೆಯಿದ್ದುದರಿಂದ ನಾನೂ ತಮ್ಮನೊಡನೆ ಹೊರಟೆ. ಅಲ್ಲಿ ಡ್ರೈವರು ಸಂಕೋಚದಿಂದಲೇ, ತಮಗೆ ಗೊತ್ತಿದ್ದ ಮುದುಕ ಮೇಸ್ತ್ರಿಯೊಬ್ಬರ ಬಳಿ ಲಾರಿಯನ್ನೊಮ್ಮೆ ತೋರಿಸೋಣವೆಂದರು. ಮೇಸ್ತ್ರಿ ಲಾರಿಯನ್ನು ಮುಟ್ಟಲೇ ಇಲ್ಲ. “ಬಿಸಿ ಇಂಜಿನ್ನು ನಿಜ ಹೇಳಲ್ಲ, ಸ್ವಾಮಿ. ರಾತ್ರಿ ಇಲ್ಲೇ ಬಿಡಿ. ಬೆಳಿಗ್ಗೆ ನಾನು ಬರೋವರೆಗೂ ಕೀ ತಿರುಗಿಸಬೇಡಿ” ಎಂದರು.

ಬೆಳಿಗ್ಗೆ ಬಂದವರು ಸ್ಪ್ಯಾನರು ಹಿಡಿಯುವ ಬದಲು ಪ್ರಶ್ನೆ ಕೇಳತೊಡಗಿದರು. ಅದೂ ನಮ್ಮನ್ನಲ್ಲ, ಡ್ರೈವರನ್ನು. ಇಂಜಿನು ಮೊದಲು ಜೋರಾಗಿ ತಿರುಗುತ್ತದೆಯೋ, ನಿಧಾನವಾಗಿಯೋ? ತಿರುಗುವಾಗ ಹೊಗೆ ಬರುತ್ತದೆಯೋ, ಇಲ್ಲವೋ? ಇದೆಲ್ಲ ಶುರುವಾದದ್ದು ಮೆಲ್ಲಮೆಲ್ಲಗೋ, ಇದ್ದಕ್ಕಿದ್ದಂತೆಯೋ?

ಡೀಸೆಲ್ ಇಂಜಿನಿಗೆ ಕಿಡಿ ಹಾರಿಸುವ ಪ್ಲಗ್ಗಿಲ್ಲವೆಂಬುದು ಎಷ್ಟೋ ಮಂದಿಗೆ ತಿಳಿಯದು. ರುಡಾಲ್ಫ್ ಡೀಸೆಲ್ 1893ರಲ್ಲಿ ಪೇಟೆಂಟ್ ಪಡೆದು 1897ರಲ್ಲಿ ಯಶಸ್ವಿಯಾಗಿ ಓಡಿಸಿ ತೋರಿಸಿದ ಈ ಯಂತ್ರದಲ್ಲಿ, ಗಾಳಿಯನ್ನು ಬಲವಾಗಿ ಅದುಮಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯುತ್ತದೆ. ಆ ಕಾದ ಗಾಳಿಗೆ ಸಿಂಪಡಿಸಿದ ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಅದಕ್ಕೆ ಬೇಕಾದದ್ದು ಮೂರು: ವೇಗವಾದ ತಿರುಗು, ಎಣ್ಣೆ, ಗಾಳಿಯ ಒತ್ತಡ. ನಿಧಾನವಾಗಿ ತಿರುಗಿದರೆ ಹುಟ್ಟಿದ ಕಾವನ್ನು ತಣ್ಣನೆಯ ಕಬ್ಬಿಣವೇ ಕುಡಿದುಬಿಡುತ್ತದೆ. ಚೆನ್ನಾಗಿ ತಿರುಗಿಯೂ ಕೊಳವೆಯಲ್ಲಿ ಹೊಗೆಯಿಲ್ಲವಾದರೆ ಎಣ್ಣೆ ಒಳಗೆ ತಲುಪುತ್ತಿಲ್ಲ. ಬಿಳಿಯ ಹೊಗೆ ಬಂದೂ ಹೊತ್ತಿಕೊಳ್ಳದಿದ್ದರೆ ಎಣ್ಣೆಯಿದೆ, ಸಾಕಷ್ಟು ಕಾವಿಲ್ಲ. ಮುಪ್ಪಿನ ಅನುಮಾನ ಬರಬೇಕಾದದ್ದು ಆಗ.

ಕೀ ತಿರುಗಿಸಿದರು. ಇಂಜಿನು ಮೊದಲು ಚೆನ್ನಾಗಿಯೇ ತಿರುಗಿತು, ಹೊಗೆಯಿಲ್ಲ. ಮೇಸ್ತ್ರಿ ಡೀಸೆಲ್ ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ ಕೈಪಂಪನ್ನು ಒತ್ತಿದರು. ಎಣ್ಣೆಯ ಬದಲು ನೊರೆ ಬುಸುಬುಸು ಎಂದು ಹೊರಬಂದಿತು. ಟ್ಯಾಂಕಿನಿಂದ ಪಂಪಿಗೆ ಬರುವ ರಬ್ಬರು ಪೈಪು ಕ್ಲಿಪ್ಪಿನ ಕೆಳಗೆ ಕೂದಲೆಳೆಯಷ್ಟು ಬಿರಿದಿತ್ತು. ರಾತ್ರಿಯೆಲ್ಲ ಅಲ್ಲಿಂದ ಗಾಳಿ ಒಳಹೊಕ್ಕು, ಎಣ್ಣೆ ಹಿಂದಕ್ಕಿಳಿದು ಟ್ಯಾಂಕು ಸೇರುತ್ತಿತ್ತು. ಬೆಳಿಗ್ಗೆ ಆ ಗಾಳಿ ಹೋಗುವ ತನಕ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಬರಿದಾಗುತ್ತಿತ್ತು, ಮೋಟಾರು ಸುಡುತ್ತಿತ್ತು.

“ಇನ್ನೊಂದಿದೆ” ಎಂದು ಮೇಸ್ತ್ರಿ ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವ್ ಕಡೆಗೂ ಇನ್ನೊಂದನ್ನು ಇಂಜಿನಿನ ಮೈಗೂ ಹಿಡಿದು ಸೆಲ್ಫ್ ಹೊಡೆಯಹೇಳಿದರು. ಅಲ್ಲಿ ಅರ್ಧ ವೋಲ್ಟನ್ನೂ ಮುಟ್ಟಬಾರದು, ಎರಡನ್ನು ಮೀರಿತ್ತು. ಅರ್ತ್ ವೈರಿನ ತುದಿ ಹಸಿರುಗಟ್ಟಿ, ಬ್ಯಾಟರಿಯ ಶಕ್ತಿಯಲ್ಲೊಂದು ಪಾಲು ಅಲ್ಲೇ ಕರಗುತ್ತಿತ್ತು. ಮೊದಲ ಇಬ್ಬರು ಹೇಳಿದ್ದೂ ಸುಳ್ಳಲ್ಲ. ಒಬ್ಬೊಬ್ಬರೂ ಸರಪಳಿಯ ಒಂದೊಂದು ಕೊಂಡಿಯನ್ನು ಕಂಡಿದ್ದರು. ಅದರ ಮೊದಲ ಕೊಂಡಿ ಯಾವುದೆಂದು ಯಾರೂ ಕೇಳಿರಲಿಲ್ಲ.

ಒಂದು ಅಡಿ ಪೈಪು, ಎರಡು ಕ್ಲಿಪ್ಪು, ಒಂದು ಹೊಸ ಅರ್ತ್ ವೈರು. ನಾವು ಮೂವರು ಹಿಂದಿನ ರಾತ್ರಿ ಹೋಟೆಲಿನಲ್ಲಿ ಉಂಡದ್ದಕ್ಕಿಂತ ತುಸು ಹೆಚ್ಚಿನ ಖರ್ಚು. ಗಾಳಿ ತೆಗೆದು ಕೀ ತಿರುಗಿಸಿದರೆ ಇಂಜಿನು ಗುಡುಗಿತು. ಮೇಸ್ತ್ರಿ ಇಂಜಿನ್ ಆಯಿಲು ಹಾಕುವ ಬಾಯಿಯ ಮುಚ್ಚಳ ತೆಗೆದು, ಅದರ ಮೇಲೆ ಅಂಗೈಯಿಟ್ಟು ಒಳಗಿನ ಉಸಿರನ್ನು ನೋಡಿ ಹೇಳಿದರು: “ರಿಂಗು ಸವೆದಿದೆ, ಇಲ್ಲಾಂತ ಹೇಳಲ್ಲ. ಒಂದೆರಡು ವರ್ಷ ಓಡುತ್ತೆ, ಆಮೇಲೆ ಬಿಚ್ಚಲೇಬೇಕು. ಆದರೆ ಮುಪ್ಪು ಒಂದು ರಾತ್ರೀಲಿ ಬರಲ್ಲ, ಸ್ವಾಮಿ. ನೆನ್ನೆ ಸರಿಯಾಗಿದ್ದದ್ದು ಇವತ್ತು ಕೆಟ್ಟರೆ ಅದು ಮುಪ್ಪಲ್ಲ, ಬೇರೇನೋ.”

ಆಮೇಲೆ ಅವರು ಡ್ರೈವರತ್ತ ತಿರುಗಿ, “ಇಷ್ಟು ದಿನ ನಿಮಗೆ ಗೊತ್ತಾಗಲಿಲ್ಲವಾ, ಅಣ್ಣಾ?” ಎಂದರು.

ಡ್ರೈವರು ನೆಲ ನೋಡುತ್ತ, “ಕೈಪಂಪು ಇಪ್ಪತ್ತು ಸಲ ಒತ್ತಿದರೆ ಒಂದೊಂದು ದಿನ ಬೇಗ ಹಿಡಿಯುತ್ತಿತ್ತು. ಹೇಳಿದ್ದೆ” ಎಂದಷ್ಟೇ ನುಡಿದರು.

ನಿಜ. ಮೊದಲ ವಾರವೇ ಅವರು ನಮ್ಮ ಜಗುಲಿಯಲ್ಲಿ ನಿಂತು ಅದನ್ನು ಹೇಳಿದ್ದರು. ನಾನೂ ಅಲ್ಲೇ ಕುಳಿತಿದ್ದೆ. ಮುದುಕರ ನೆಪವೆಂದುಕೊಂಡು ನಾವಿಬ್ಬರೂ ಪತ್ರಿಕೆಯ ಪುಟ ಮಗುಚಿದ್ದೆವು. ಮೂರು ಊರು ಸುತ್ತಿ ಹಣ ತೆತ್ತು ಹುಡುಕಿದ ಉತ್ತರ ನಮ್ಮ ಜಗುಲಿಗೇ ಬಂದು ಹಿಂದಿರುಗಿತ್ತು.

ಹಿಂದಿರುಗುವ ದಾರಿಯಲ್ಲಿ ತಮ್ಮ ಶಿಡ್ಲಘಟ್ಟ ದಾಟುವವರೆಗೂ ಮಾತನಾಡಲಿಲ್ಲ. ಗುಜರಿಯ ಮಾತನ್ನಾಗಲಿ ಲೆಕ್ಕ ತೀರಿಸುವ ಮಾತನ್ನಾಗಲಿ ನಾನೂ ಎತ್ತಲಿಲ್ಲ. ನಂದಿಯ ಸಾಲು ಕಣ್ಣಿಗೆ ಬೀಳುತ್ತಲೇ ಅವನು ಲಾರಿಯನ್ನು ಒಂದು ಕಾಫಿ ಅಂಗಡಿಯ ಮುಂದೆ ನಿಲ್ಲಿಸಲು ಹೇಳಿದ.

“ನಾಳೆ ಬೆಳಿಗ್ಗೆ ಗೂಡಿನ ಬಾಡಿಗೆ ಒಪ್ಪಿಕೊಳ್ಳಲೇ, ಮಾಮ?” ಎಂದು ಕೇಳಿದ.

ಡ್ರೈವರು ಕೂಡಲೇ ಉತ್ತರಿಸಲಿಲ್ಲ. ಇಂಜಿನನ್ನು ಆರಿಸಿ, ಒಂದು ಗಳಿಗೆ ಕಾದು, ಮತ್ತೆ ಸ್ಟಾರ್ಟ್ ಮಾಡಿ ನೋಡಿ, “ಒಪ್ಪಿಕೋ” ಎಂದರು.