ಉಸಿರಿನ ದಾಸೋಹ

ಅನ್ನದಾಸೋಹ, ಅಕ್ಷರದಾಸೋಹಗಳ ಮಹತ್ವವನ್ನು ಮಠದ ನೆರಳಿನಲ್ಲಿ ಬೆಳೆದ ನಮಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ. ಉಸಿರನ್ನೂ ದಾಸೋಹವಾಗಿ ನೀಡಬಹುದೆಂಬುದು ಮಾತ್ರ ನನಗೆ ಮನವರಿಕೆಯಾದದ್ದು ಈಚೆಗೆ, ನಮ್ಮ ಮನೆಗೇ ಬಂದೊದಗಿದ ಸಂಕಟದಿಂದ.

ಸಾಗರದ ಸಮೀಪ, ವರದಾನದಿ ಹುಟ್ಟುವ ವರದಮೂಲದ ಬಳಿ ನಮ್ಮ ಅಡಿಕೆ ತೋಟವಿದೆ. ಅಲ್ಲಿ ಬೆಳೆದ ನನ್ನ ತಮ್ಮನ ಮಗಳಿಗೆ ರಕ್ತದ ಕ್ಯಾನ್ಸರ್ ಬಂದಾಗ, ಅವಳ ಅಣ್ಣನ ಅಸ್ಥಿಮಜ್ಜೆಯ ಆಕರಕೋಶಗಳನ್ನು ಅವಳಿಗೆ ನೀಡಲಾಯಿತು. ಒಡಹುಟ್ಟಿದವರಲ್ಲಿಯೂ ಪೂರ್ಣ ಹೊಂದಾಣಿಕೆಯ ಸಂಭವ 4ರಲ್ಲಿ 1 ಮಾತ್ರ. ರೋಗ ಅಡಗಿತು. ಆದರೆ ಮೂರು ವರ್ಷ ಕಳೆಯುವಷ್ಟರಲ್ಲಿ, ತೋಟದ ದರೆ ಹತ್ತುವುದೂ ಅವಳಿಗೆ ಏದುಸಿರಿನ ಕೆಲಸವಾಯಿತು.

ಕಾರಣವನ್ನು ವೈದ್ಯರು ವಿವರಿಸಿದರು. ಅನ್ಯರಿಂದ ಬಂದ ರಕ್ಷಕಕೋಶಗಳು ಕೆಲವೊಮ್ಮೆ ತಾವು ನೆಲೆಸಿದ ದೇಹವನ್ನೇ ಪರಕೀಯವೆಂದು ಬಗೆದು ಆಕ್ರಮಿಸುತ್ತವೆ. ಆ ಆಕ್ರಮಣ ಶ್ವಾಸಕೋಶಕ್ಕೆ ತಗುಲಿದರೆ ಅತಿ ಕಿರಿದಾದ ಉಸಿರುನಾಳಗಳು ಗಾಯಗೊಂಡು, ಕಲೆಗಟ್ಟಿ ಮುಚ್ಚುತ್ತವೆ. ಒಳಹೊಕ್ಕ ಗಾಳಿ ಹೊರಬರಲಾರದೆ ಸಿಕ್ಕಿಕೊಳ್ಳುತ್ತದೆ. ಯಂತ್ರಕ್ಕೆ ಊದಿಸಿ ಮಾಡುವ ಪರೀಕ್ಷೆಯಿಂದ ಆರಂಭದಲ್ಲೇ ಕಂಡುಕೊಂಡರೆ ಔಷಧಗಳಿಂದ ತಡೆಹಿಡಿಯಬಹುದು. ಮುಚ್ಚಿದ ನಾಳಗಳು ಮರಳಿ ತೆರೆಯುವುದು ಅಪರೂಪ. ಔಷಧಗಳು ಸೋತಾಗ ಉಳಿಯುವ ದಾರಿ ಶ್ವಾಸಕೋಶದ ಕಸಿ.

1963ರಲ್ಲಿ ಅಮೆರಿಕದ ಜೇಮ್ಸ್ ಹಾರ್ಡಿಯವರು ಮೊದಲ ಬಾರಿಗೆ ಈ ಕಸಿ ಮಾಡಿದಾಗ ರೋಗಿ ಬದುಕಿದ್ದು 18 ದಿನ. 1983ರಲ್ಲಿ ಕೆನಡಾದ ಟೊರಾಂಟೊದಲ್ಲಿ ಕಸಿಗೊಂಡ ರೋಗಿ ಆರು ವರ್ಷಕ್ಕೂ ಹೆಚ್ಚು ಕಾಲ ಬಾಳಿದನು. ಅದೇ ವರ್ಷ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಅಸ್ಥಿಮಜ್ಜೆಯ ಕಸಿ ಯಶಸ್ವಿಯಾಯಿತು. ಅಂದು ದೂರದೂರ ಹುಟ್ಟಿದ ಆ ಎರಡು ವಿದ್ಯೆಗಳು ಇಂದು ಒಬ್ಬಳೇ ಹುಡುಗಿಯ ದೇಹದಲ್ಲಿ ಕೂಡಬೇಕಾಗಿದೆ. ಚೆನ್ನೈ, ಹೈದರಾಬಾದ್, ಬೆಂಗಳೂರುಗಳಲ್ಲಿ ಈ ಚಿಕಿತ್ಸೆ ನಡೆಯುತ್ತದೆ. ಇದು ಸುಲಭದ ಮಾತಲ್ಲ. ಹಳೆಯ ರೋಗ ಮರುಕಳಿಸಿರಬಾರದು. ಜೀವನಪರ್ಯಂತ ಔಷಧ ಬೇಕು. ತೆಗೆದ ಅಂಗ ಕೆಲವೇ ಗಂಟೆಗಳಲ್ಲಿ ರೋಗಿಯನ್ನು ಸೇರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕೊಡುವವರು ಬೇಕು.

ಹುಡುಗಿಯ ಹೆಸರು ಸರದಿಯಲ್ಲಿ ದಾಖಲಾದ ದಿನ ನಮ್ಮ ತಾಯಿಯವರು ಕೇಳಿದರು: "ಯಾರದೋ ಮನೆಯ ದೀಪ ಆರಿದಾಗ ನಾವು ಕೈಯೊಡ್ಡುತ್ತೇವಲ್ಲಪ್ಪಾ, ನಮ್ಮ ಮನೆಯಲ್ಲಿ ಹಾಗಾದರೆ ಕೊಡುತ್ತೇವೆಯೇ? ಸಮಾಧಿಗೆ ಇಳಿಸುವ ದೇಹ ಪೂರ್ಣವಾಗಿರಬೇಡವೇ?"

ಈ ಪ್ರಶ್ನೆ ನಮ್ಮ ಅನೇಕ ಮನೆಗಳದು. ಪಂಚಸೂತಕಗಳನ್ನು ಅಲ್ಲಗಳೆದ ಶರಣರು ಮರಣಕ್ಕೂ ಮೈಲಿಗೆ ಇಲ್ಲವೆಂದರು. ಕಾಯವನ್ನು ಪ್ರಸಾದವೆಂದು ಭಾವಿಸುವುದು ನಮ್ಮ ಧರ್ಮ. ತಟ್ಟೆಯಲ್ಲಿ ಒಂದಗುಳು ಪ್ರಸಾದವನ್ನೂ ಕೆಡಿಸದವರು, ಜೀವವುಳಿಸಬಲ್ಲ ಪ್ರಸಾದಕಾಯವನ್ನು ಕೆಡಿಸುವುದುಂಟೇ? ಅಂಗಗಳನ್ನು ತೆಗೆದ ಮೇಲೆ ದೇಹವನ್ನು ಹೊಲಿದು ಮನೆಯವರಿಗೆ ಒಪ್ಪಿಸುತ್ತಾರೆ. ಸಮಾಧಿಕ್ರಿಯೆಗೆ ಯಾವ ಅಡ್ಡಿಯೂ ಇಲ್ಲ. 2021ರಲ್ಲಿ ಅಪಘಾತಕ್ಕೀಡಾದ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನು ಅವರ ಬಂಧುಗಳು ದಾನಮಾಡಿದರು. ಹುಟ್ಟೂರಾದ ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಮಣ್ಣು ಅವರನ್ನು ಮಡಿಲಿಗೆ ತೆಗೆದುಕೊಂಡಿತು.

ಅವಸರದ ಭಯವೂ ಬೇಡ. 1994ರ ಅಂಗಾಂಗ ಕಸಿ ಕಾಯಿದೆಯಂತೆ ನಾಲ್ವರು ವೈದ್ಯರು, ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮಿದುಳು ಮರಣವನ್ನು ದೃಢಪಡಿಸಬೇಕು. ನಮ್ಮ ರಾಜ್ಯದಲ್ಲಿ 'ಜೀವಸಾರ್ಥಕತೆ' ಸಂಸ್ಥೆ ಸರದಿಯನ್ನು ನೋಡಿಕೊಳ್ಳುತ್ತದೆ. ನಾವು ಮೊದಲೇ ಹೆಸರು ಬರೆಸಿದ್ದರೂ ಕೊನೆಗೆ ಬಂಧುಗಳ ಒಪ್ಪಿಗೆ ಬೇಕು. ಆದುದರಿಂದ ಇಂತಹ ಮಾತನ್ನು ಮನೆಮಂದಿಯೆಲ್ಲ ಕೂಡಿದಾಗ, ಎಲ್ಲರೂ ಆರೋಗ್ಯದಿಂದಿರುವಾಗಲೇ ಆಡಿಡುವುದು ಲೇಸು.

ವರದೆ ತಾನು ಹುಟ್ಟಿದ ಕೊಳದಲ್ಲೇ ನಿಂತಿದ್ದರೆ ಬನವಾಸಿಯ ಗದ್ದೆಗಳಿಗೆ ನೀರೆಲ್ಲಿಯದು? ನಮ್ಮ ಹುಡುಗಿ ಇನ್ನೂ ಕಾಯುತ್ತಿದ್ದಾಳೆ. ಅವಳಿಗೆ ಉಸಿರು ದೊರೆಯುವುದೋ ಇಲ್ಲವೋ ಶಿವನಿಚ್ಛೆ. ದಾನಪತ್ರಕ್ಕೆ ನಮ್ಮ ಮನೆಯವರೆಲ್ಲರೂ ಸಹಿ ಹಾಕಿದ್ದೇವೆ. ಮೊದಲ ಸಹಿ ತಾಯಿಯವರದು. ಸದ್ಭಕ್ತರೂ ಮಠದ ಹಳೆಯ ವಿದ್ಯಾರ್ಥಿಬಂಧುಗಳೂ ಈ ದಾಸೋಹದ ಪಂಕ್ತಿಯಲ್ಲಿ ನಮ್ಮೊಡನೆ ಕೂಡಬೇಕೆಂದು ಬೇಡುತ್ತೇನೆ.