ಟ್ರೇಲರಿನ ಗಾಲಿ

ದೀಪಾವಳಿ ಮುಗಿಯಿತೆಂದರೆ ನಮ್ಮ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಅನೇಕ ಮನೆಗಳಿಗೆ ಬೀಗ ಬೀಳುತ್ತದೆ. ಈ ಬರದ ನಾಡಿನಿಂದ ಕಬ್ಬು ಕಡಿಯುವ ಕುಟುಂಬಗಳು ಕೃಷ್ಣಾ ತೀರದ ಸಕ್ಕರೆ ಕಾರಖಾನೆಗಳತ್ತ ಹೊರಡುತ್ತವೆ. ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿನಲ್ಲಿ ಪಾತ್ರೆ, ಜೋಳದ ಚೀಲ, ಅವುಗಳ ನಡುವೆ ನಮ್ಮ ಶಾಲೆಯ ಮಕ್ಕಳು!

ಹಿಂದಿನ ವರ್ಷ ಕಾರ್ತಿಕದಲ್ಲಿ ಸಂಖದಿಂದ ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ ಹೊರಟಿದ್ದ ನಾವು, ಅಂಥದೊಂದು ಟ್ರೇಲರು ಟಾಯರು ಸಿಡಿದು ವಾಲಿ ನಿಂತುದನ್ನು ಕಂಡೆವು. ದೈವಕೃಪೆಯಿಂದ ಯಾರಿಗೂ ಪೆಟ್ಟಾಗಿರಲಿಲ್ಲ. ಕೆಳಗಿಳಿದು ನಿಂತಿದ್ದ ಮೂರನೆಯ ಇಯತ್ತೆಯ ಹುಡುಗಿಯೊಬ್ಬಳು ನಮ್ಮನ್ನು ನೋಡಿ ಕೈ ಮುಗಿದಳು.

"ಟಾಯರ ಹೊಸಾದರಂಗ ಇತ್ತಲ್ರೀ ಗುರುಗಳ" ಎಂದ ಚಾಲಕ.

ಗೆರೆಗಳು ಸವೆದಿರಲಿಲ್ಲ, ನಿಜ. ಆದರೆ ಬದಿಯಲ್ಲೆಲ್ಲ ಕೂದಲೆಳೆಯ ಬಿರುಕುಗಳಿದ್ದವು. ತಿಂಗಳುಗಟ್ಟಲೆ ಬಿಸಿಲಿನಲ್ಲಿ ನಿಂತ ರಬ್ಬರು ಓಡದೆಯೂ ಮುಪ್ಪಾಗುತ್ತದೆ. ಟಾಯರಿನ ಬದಿಯಲ್ಲಿ ಅದರ ಜನ್ಮಪತ್ರಿಕೆಯೇ ಇರುತ್ತದೆ: ತಯಾರಿಕೆಯ ನಾಲ್ಕು ಅಂಕಿ 3516 ಎಂದಿದ್ದರೆ ಅದು 2016ರ 35ನೆಯ ವಾರದ್ದು. ಎತ್ತು ಕೊಳ್ಳುವಾಗ ಹಲ್ಲು ಎಣಿಸುವ ನಾವು, ಟಾಯರು ಕೊಳ್ಳುವಾಗ ಈ ಅಂಕಿ ನೋಡಬೇಡವೆ? ಅದು ಹೊರಬಲ್ಲ ಭಾರವನ್ನೂ ಅಲ್ಲಿಯೇ ಓದಬೇಕು. ಒಂದೇ ಅಚ್ಚಿಗೆ ಒಂದೇ ಅಳತೆಯ ಜೋಡಿ ಇರಬೇಕು. ಗಾಳಿಯನ್ನು ಮುಂಜಾನೆ, ಗಾಲಿ ತಣ್ಣಗಿರುವಾಗ ಅಳೆಯಬೇಕು. ಕಡಿಮೆ ಗಾಳಿಯಲ್ಲಿ ಭಾರ ಎಳೆದರೆ ಟಾಯರು ಕಾದು ಸಿಡಿಯುತ್ತದೆ. ಸುಗ್ಗಿ ಮುಗಿದ ಮೇಲೆ ಅಚ್ಚಿನ ಕೆಳಗೆ ಕಲ್ಲು ಕೊಟ್ಟು, ಗಾಲಿಗಳಿಗೆ ಗೋಣಿತಟ್ಟು ಹೊದಿಸಬೇಕು. ಇಷ್ಟಾದರೂ ಹೇರಿನ ಮೇಲೆ ಮಕ್ಕಳನ್ನು ಕೂಡಿಸುವುದು ಅಪಾಯವೇ.

ಈ ಸಲ ನಾಲ್ಕನೆಯ ಇಯತ್ತೆಯ ಲೆಕ್ಕದ ಪಾಠದಲ್ಲಿ ನಾವು ಟಾಯರಿನ ಅಂಕಿ ಓದಿಸಿದೆವು. ಎಲ್ಲರಿಗಿಂತ ಮೊದಲು ಓದಿದವಳು ಆ ಹುಡುಗಿಯೇ. ಹೋಗುವ ಮಕ್ಕಳನ್ನೆಲ್ಲ ತಡೆಯಲು ನಮ್ಮಿಂದಾಗಿಲ್ಲ. ಅವರು ಸುಖವಾಗಿ ಮರಳಿ ಬಂದು ಹಾಜರಿ ಹೇಳಲಿ.